ಬ್ರೇಕ್ ಬಲ: ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು?

ವಾಹನ ವಿಚಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಸಣ್ಣ ಕಾರು 65,000 ಕಿ.ಮೀ. ಓಡಿದೆ. ಮುಂದಿನ ಬ್ರೇಕ್ ಪ್ಯಾಡ್ ಎರಡು ಸಲ ಬದಲಾಗಿದೆ. ಹಿಂದಿನ ಡ್ರಮ್ ಒಮ್ಮೆಯೂ ಬಿಚ್ಚಿಲ್ಲ. ‘ಹಿಂದಿನ ಬ್ರೇಕ್ ಸವೆಯೋದೇ ಇಲ್ಲ ಸಾರ್, ಬಿಡಿ’ ಅಂತಾರೆ ಮೆಕ್ಯಾನಿಕ್. ಅದು ನಿಜವಾಗಿ ಕೆಲಸ ಮಾಡ್ತಿದೆಯಾ?
(ಓದುಗರು, ಶಿವಮೊಗ್ಗ)

ಉತ್ತರ: ಮುಂದಿನ ಪ್ಯಾಡ್ ಬೇಗ ಸವೆಯುವುದು ಸಹಜ. ಹಿಂದಿನದು ಸವೆಯುವುದೇ ಇಲ್ಲ ಅನ್ನುವ ಮಾತನ್ನು ಮಾತ್ರ ನಂಬಬೇಡಿ.

ಲೆಕ್ಕ ಹಾಕಿ ನೋಡೋಣ. ಇಬ್ಬರು ಕೂತಾಗ ಕಾರಿನ ತೂಕ 1,050 ಕೆ.ಜಿ. ಅಂದುಕೊಳ್ಳಿ. ಎಂಜಿನ್ ಮುಂದಿರುವುದರಿಂದ, ನಿಂತ ಗಾಡಿಯಲ್ಲಿ ಮುಂದಿನ ಎರಡು ಚಕ್ರಗಳ ಮೇಲೆ 630 ಕೆ.ಜಿ., ಹಿಂದಿನವುಗಳ ಮೇಲೆ 420 ಕೆ.ಜಿ. ಭಾರ ಇರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಗಾಡಿ ಮೂಗು ತಗ್ಗಿಸುತ್ತದೆ, ಹಿಂದಿನ ಭಾರದ ಒಂದು ಪಾಲು ಮುಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದನ್ನು ಕಂಡುಹಿಡಿಯುವುದು ಸುಲಭ. ಗಾಡಿಯ ತೂಕವನ್ನು ಬ್ರೇಕಿನ ತೀವ್ರತೆಯಿಂದ ಗುಣಿಸಿ, ಬಂದದ್ದನ್ನು ಗುರುತ್ವ ಕೇಂದ್ರದ ಎತ್ತರದಿಂದ ಗುಣಿಸಿ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವಿನ ಅಂತರದಿಂದ ಭಾಗಿಸಿ. ತೀವ್ರತೆಯನ್ನು ‘ಜಿ’ಯಲ್ಲಿ ಅಳೆಯುತ್ತಾರೆ, ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ ಸುಮಾರು 35 ಕಿ.ಮೀ.ಯಷ್ಟು ಇಳಿದರೆ ಅದು 1 ಜಿ. ನಿಮ್ಮಂಥ ಕಾರಿಗೆ ಗುರುತ್ವ ಕೇಂದ್ರದ ಎತ್ತರ 0.55 ಮೀ., ಆಕ್ಸಲ್ ಅಂತರ 2.4 ಮೀ. ಎಂದು ಹಿಡಿದರೆ, ಒಣ ಡಾಂಬರಿನ ಮೇಲೆ 0.8 ಜಿ ಬ್ರೇಕಿಗೆ ಸುಮಾರು 192 ಕೆ.ಜಿ. ಮುಂದಕ್ಕೆ ಬರುತ್ತದೆ. ಆಗ ಮುಂದೆ 822, ಹಿಂದೆ 228, ಅಂದರೆ 78:22. ಅದೇ ಕಾರು ಪೇಟೆಯ ಟ್ರಾಫಿಕ್‌ನಲ್ಲಿ 0.2 ಜಿಯಷ್ಟು ಮೆಲ್ಲಗೆ ನಿಂತರೆ ಈ ಪಾಲು 65:35. ಮಳೆಯಲ್ಲಿ 0.5 ಜಿಗೆ 71:29.

ಟೈರು ಎಷ್ಟು ಭಾರ ಹೊತ್ತಿದೆಯೋ ಅದಕ್ಕೆ ತಕ್ಕಷ್ಟೇ ರಸ್ತೆಯನ್ನು ಹಿಡಿಯಬಲ್ಲದು. ಹಾಗಾಗಿ ಬ್ರೇಕಿನ ಬಲವನ್ನೂ ಹೆಚ್ಚುಕಡಿಮೆ ಇದೇ ಪ್ರಮಾಣದಲ್ಲಿ ಹಂಚಬೇಕು. ಮುಂದೆ ದೊಡ್ಡ ಡಿಸ್ಕ್, ಹಿಂದೆ ಚಿಕ್ಕ ಡ್ರಮ್ ಇರುವುದು ಇದೇ ಕಾರಣಕ್ಕೆ. ಸಣ್ಣ ಕಾರುಗಳಲ್ಲಿ ಮುಂದಿನ ಪ್ಯಾಡ್ 30–40 ಸಾವಿರ ಕಿ.ಮೀ.ಗೆ ಮುಗಿದರೆ ಹಿಂದಿನ ಶೂ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಭಾಗ) ಅದರ ಎರಡರಷ್ಟು ಬರುವುದು ಸಾಮಾನ್ಯ.

ಹಾಗಾದರೆ 22 ಪಾಲಿನ ಹಿಂದಿನ ಬ್ರೇಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನಿಸಬಹುದು. ಹಾಗಲ್ಲ. ಮೇಲಿನ ಕಾರು 80 ಕಿ.ಮೀ. ವೇಗದಿಂದ ನಾಲ್ಕೂ ಚಕ್ರದ ಬ್ರೇಕಿನಲ್ಲಿ ಸುಮಾರು 31.5 ಮೀಟರಿಗೆ ನಿಲ್ಲುತ್ತದೆ. ಹಿಂದಿನದು ಪೂರ್ತಿ ಸತ್ತಿದ್ದರೆ ಮುಂದಿನ ಟೈರುಗಳು ಎಷ್ಟೇ ಹಿಡಿದರೂ ಸುಮಾರು 43 ಮೀಟರ್ ಬೇಕು. ಆ 11 ಮೀಟರಿನಲ್ಲಿ ಎದುರಿಗೆ ಏನಿದೆ ಅನ್ನುವುದೇ ಪ್ರಶ್ನೆ.

ಪರೀಕ್ಷೆ ಹೀಗೆ. ಮುಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಕೆಳಗೆ. ಹಿಂಭಾಗವನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಬ್ಬರು ಒಳಗೆ ಕೂತು ಎಂಜಿನ್ ಚಾಲೂ ಇಟ್ಟು ಪೆಡಲನ್ನು ಹಗುರಾಗಿ ಒತ್ತಲಿ. ಇನ್ನೊಬ್ಬರು ಚಕ್ರವನ್ನು ಕೈಯಿಂದ ತಿರುಗಿಸಲಿ. ಎರಡೂ ಚಕ್ರ ಸರಿಸುಮಾರು ಒಂದೇ ಒತ್ತಡಕ್ಕೆ ಬಿಗಿಯಬೇಕು, ಪೆಡಲ್ ಬಿಟ್ಟ ತಕ್ಷಣ ಸಡಿಲಾಗಬೇಕು. ಆಮೇಲೆ ಡ್ರಮ್ ಬಿಚ್ಚಿಸಿ. ಡ್ರಮ್ ಬರದಿದ್ದರೆ ಸುತ್ತಿಗೆಯಲ್ಲಿ ಬಡಿಯುವ ಮೊದಲು ಅದರ ಮುಖದಲ್ಲಿ ಥ್ರೆಡ್ ಇರುವ ಎರಡು ತೂತು ಇವೆಯೇ ನೋಡಿ. ಬಹಳ ಕಾರುಗಳಲ್ಲಿ ಅಲ್ಲಿಗೆ 8 ಮಿ.ಮೀ. ಬೋಲ್ಟ್ ಹಾಕಿ ಎರಡನ್ನೂ ಸಮಸಮವಾಗಿ ತಿರುಗಿಸಿದರೆ ಡ್ರಮ್ ತಾನೇ ಹೊರಬರುತ್ತದೆ. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸಬಾರದು, ಹಳೆಯ ಲೈನಿಂಗ್‌ನಲ್ಲಿ (ಶೂ ಮೇಲಿನ ಸವೆಯುವ ಪದರ) ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಬೂಟನ್ನು ಸ್ಕ್ರೂಡ್ರೈವರಿನಿಂದ ಸ್ವಲ್ಪ ಎತ್ತಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಸೋರುತ್ತಿದೆ. ಆಯಿಲ್ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಅಭ್ಯಾಸ ಎಷ್ಟೋ ಕಡೆ ಇದೆ, ಒಪ್ಪಬೇಡಿ. ಎರಡೂ ಬದಿಯ ಶೂ ಸೆಟ್ ಒಟ್ಟಿಗೆ ಬದಲಾಗಲಿ. ಅಂಟಿಸಿದ ಲೈನಿಂಗ್ 1 ಮಿ.ಮೀ.ಗೆ ಬಂದರೆ ಮುಗಿಯಿತು. ಡ್ರಮ್ಮಿನ ಗರಿಷ್ಠ ಒಳವ್ಯಾಸ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ, ಲೇತ್ ಹೊಡೆಸುವ ಮುಂಚೆ ಅದನ್ನು ಓದಿ.

ನಿಮ್ಮ ಪ್ರಶ್ನೆಯ ಉತ್ತರ ಬಹುಶಃ ಅಡ್ಜಸ್ಟರ್‌ನಲ್ಲಿದೆ. ಶೂ ಸವೆದಂತೆ ಅದು ತಾನಾಗಿ ಉದ್ದವಾಗಿ ಡ್ರಮ್ ಜತೆಗಿನ ಅಂತರವನ್ನು ಕಾಯ್ದುಕೊಳ್ಳಬೇಕು. ತುಕ್ಕು ಹಿಡಿದು ಜಾಮ್ ಆದರೆ ಶೂ ಡ್ರಮ್ಮಿನಿಂದ ದೂರವೇ ಉಳಿಯುತ್ತದೆ. ಪೆಡಲ್ ಆಳಕ್ಕೆ ಹೋಗುತ್ತದೆ, ಕೆಲಸವೆಲ್ಲ ಮುಂದಿನ ಪ್ಯಾಡಿನ ತಲೆಗೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಮೇಲಕ್ಕೆ ಬಂತು ಅಂತ ಕೇಬಲ್ ಬಿಗಿ ಮಾಡಿ ಕಳಿಸುವುದು ಇನ್ನೂ ಕೆಟ್ಟದ್ದು: ಕೇಬಲ್ ಎಳೆದಿದ್ದರೆ ಶೂ ಒಳಗಿನ ಲಿವರ್ ತನ್ನ ಜಾಗಕ್ಕೆ ಮರಳುವುದಿಲ್ಲ, ಅಡ್ಜಸ್ಟರ್ ಹಲ್ಲು ದಾಟುವುದೇ ನಿಲ್ಲುತ್ತದೆ. ಮೊದಲು ಕೇಬಲ್ ಸಡಿಲ ಮಾಡಿ, ಅಡ್ಜಸ್ಟರ್ ಬಿಚ್ಚಿ ತೊಳೆದು, ಥ್ರೆಡ್‌ಗೆ ಬಿಸಿ ತಾಳುವ ಗ್ರೀಸನ್ನು ತೆಳುವಾಗಿ ಹಚ್ಚಿ, ಶೂ ಅಂತರ ಸರಿ ಮಾಡಿ, ಕೊನೆಗಷ್ಟೇ ಕೇಬಲ್‌ಗೆ ಕೈ ಹಾಕಬೇಕು.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ, ಮಳೆಯಲ್ಲಿ, ತಿರುವಿಗೆ ಮುಂಚೆ ಬ್ರೇಕ್ ಹಾಕಿದರೆ ಕಾರಿನ ಹಿಂಭಾಗ ಪಕ್ಕಕ್ಕೆ ಸರಿಯಿತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲದ 2009ರ ಕಾರು. ಹೋದ ತಿಂಗಳಷ್ಟೇ ಮುಂದೆ ಎರಡು ಹೊಸ ಟೈರ್ ಹಾಕಿಸಿದ್ದೆ.
(ಓದುಗರು, ತೀರ್ಥಹಳ್ಳಿ)

ಉತ್ತರ: ಕೊನೆಯ ವಾಕ್ಯದಲ್ಲೇ ಕಾರಣ ಇದೆ. ‘ಎಂಜಿನ್ ಎಳೆಯೋದು ಮುಂದಿನ ಚಕ್ರ, ಹೊಸ ಟೈರ್ ಅಲ್ಲಿಗೆ’ ಅನ್ನುವ ಸಲಹೆ ಎಷ್ಟೋ ಟೈರ್ ಅಂಗಡಿಗಳಲ್ಲಿ ಸಿಗುತ್ತದೆ. ಎರಡೇ ಟೈರ್ ಬದಲಾಯಿಸುವಾಗ ಹೊಸದು ಹಿಂದಕ್ಕೇ ಹೋಗಬೇಕು.

ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಕೇಳುವುದಿಲ್ಲ, ಆದರೆ ಗಾಡಿ ನೇರ ಹೋಗುತ್ತದೆ. ಪೆಡಲ್ ಸ್ವಲ್ಪ ಬಿಟ್ಟರೆ ಹಿಡಿತ ಮರಳುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಕಥೆ ಬೇರೆ. ಉರುಳದೆ ಜಾರುವ ಟೈರಿಗೆ ಪಕ್ಕಕ್ಕೆ ತಡೆಯುವ ಶಕ್ತಿ ಇರುವುದಿಲ್ಲ. ಗಾಡಿ ಒಂದೆರಡು ಡಿಗ್ರಿ ಓರೆಯಾದರೆ ಸಾಕು, ಇನ್ನೂ ಹಿಡಿತವಿರುವ ಮುಂದಿನ ಟೈರುಗಳೇ ಅದನ್ನು ಮತ್ತಷ್ಟು ತಿರುಗಿಸುತ್ತವೆ. ಒಂದು ಸೆಕೆಂಡಿನೊಳಗೆ ಗಾಡಿ ಅಡ್ಡ ನಿಂತಿರುತ್ತದೆ. ಅದಕ್ಕೇ ಕಾರು ವಿನ್ಯಾಸ ಮಾಡುವವರು ಮುಂದಿನದೇ ಮೊದಲು ಲಾಕ್ ಆಗುವಂತೆ ಬಲ ಹಂಚುತ್ತಾರೆ. ಆ ಹಂಚಿಕೆ ನಾಲ್ಕೂ ಟೈರಿನ ಹಿಡಿತ ಒಂದೇ ಎಂದು ನಂಬಿ ಮಾಡಿದ್ದು. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದಾಗ ಆ ನಂಬಿಕೆ ಒದ್ದೆ ರಸ್ತೆಯಲ್ಲಿ ಮುರಿಯುತ್ತದೆ. ಕಾರಿನ ಟೈರಿನ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ. ಇದ್ದರೂ ಅದು 3 ಮಿ.ಮೀ.ಗಿಂತ ಕೆಳಗಿಳಿದರೆ ನೀರಿನಲ್ಲಿ ಹಿಡಿತ ಚೆನ್ನಾಗಿಯೇ ಕುಸಿಯುತ್ತದೆ. ಮಲೆನಾಡಿನ ಮಳೆಗಾಲಕ್ಕೆ ನಾವು ಹೇಳುವುದು 3.

ಟೈರ್ ಅದಲುಬದಲು ಮಾಡಿದ ಮೇಲೂ ಜಾರಿದರೆ ಮುಂದಿನ ಬ್ರೇಕನ್ನು ಅನುಮಾನಿಸಿ. ಕೇಳಲು ವಿಚಿತ್ರ, ಆದರೆ ಹಿಂದಿನ ಚಕ್ರ ಲಾಕ್ ಆಗುವುದಕ್ಕೆ ಮುಂದಿನ ಬ್ರೇಕ್ ಸೋತಿರುವುದು ಸಾಮಾನ್ಯ ಕಾರಣ. ಮುಂದಿನದು ಹಿಡಿಯದಿದ್ದಾಗ ಕಾಲು ತಾನಾಗಿ ಇನ್ನಷ್ಟು ಒತ್ತುತ್ತದೆ, ಆ ಹೆಚ್ಚುವರಿ ಒತ್ತಡ ಚೆನ್ನಾಗಿರುವ ಹಿಂದಿನ ಬ್ರೇಕಿಗೂ ಹೋಗುತ್ತದೆ. ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬಿಚ್ಚಿ ಒಳಗಿನ ಮತ್ತು ಹೊರಗಿನ ಪ್ಯಾಡ್ ದಪ್ಪ ಅಳೆಯಿರಿ. 2 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಬಹುಶಃ ಸಿಕ್ಕಿಕೊಂಡಿದೆ. ಪಿನ್ ಹೊರಗೆಳೆದು ಹಳೆಯ ಗ್ರೀಸ್ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಪ್ಯಾಡ್ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಿಸಿಗೆ ಸುಟ್ಟದ್ದು, ಬದಲಾಯಿಸಿ.

ಘಾಟಿಯ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಬರೀ ಬ್ರೇಕಿನಲ್ಲೇ ಇಳಿದರೆ ಹೆಚ್ಚು ಕಾಯುವುದು ಮುಂದಿನ ಡಿಸ್ಕ್, ಮೊದಲು ಮಂಕಾಗುವುದೂ ಅದೇ. ಹಂಚಿಕೆ ಹಿಂದಕ್ಕೆ ವಾಲುವುದು ಸರಿಯಾಗಿ ಕೊನೆಯ ತಿರುವುಗಳಲ್ಲಿ. ಎರಡನೇ ಗೇರಿನಲ್ಲಿ ಇಳಿಯಿರಿ. ನಿಮ್ಮದರಂತೆ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ ತಡೆ ಮುಂದಿನ ಚಕ್ರಕ್ಕೇ ಸೇರುತ್ತದೆ, ಅದು ಸುರಕ್ಷಿತ ದಿಕ್ಕು. ಹಿಂದಿನ ಚಕ್ರ ಎಳೆಯುವ ಗಾಡಿಯವರು ಮಾತ್ರ ಒದ್ದೆ ರಸ್ತೆಯಲ್ಲಿ ಒಮ್ಮೆಲೇ ಕೆಳಗಿನ ಗೇರಿಗೆ ಹಾಕಿ ಕ್ಲಚ್ ಬಿಡಬಾರದು, ಅದು ಹಿಂದಿನ ಬ್ರೇಕನ್ನು ಎಳೆದಷ್ಟೇ ಪರಿಣಾಮ.

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಸಾಗಿಸುವ ಪಿಕಪ್ ಇದೆ. ಹಿಂದಿನ ಆಕ್ಸಲ್ ಹತ್ತಿರ ಇರುವ ವಾಲ್ವ್ ಸೋರುತ್ತಿತ್ತು. ಗ್ಯಾರೇಜಿನವರು ಅದನ್ನು ತೆಗೆದು ಪೈಪ್ ನೇರ ಜೋಡಿಸಿದ್ದಾರೆ. ಲೋಡ್ ಇದ್ದಾಗ ಬ್ರೇಕ್ ಚೆನ್ನಾಗಿದೆ, ಖಾಲಿ ಬರುವಾಗ ಹಿಂದಿನ ಟೈರ್ ಕಿರುಚುತ್ತದೆ.
(ಪಿಕಪ್ ಮಾಲೀಕರು, ಹಾವೇರಿ ಜಿಲ್ಲೆ)

ಉತ್ತರ: ಆ ವಾಲ್ವ್ ಇಲ್ಲದೆ ಗಾಡಿ ಓಡಿಸಬೇಡಿ. ಟೈರ್ ಕಿರುಚುವುದು ಹಿಂದಿನ ಚಕ್ರ ಲಾಕ್ ಆಗುವ ಸದ್ದು. ಖಾಲಿ ಪಿಕಪ್, ಒದ್ದೆ ರಸ್ತೆ, ಒಂದು ಗಟ್ಟಿ ಬ್ರೇಕ್ ಸೇರಿದರೆ ಗಾಡಿ ತಿರುಗಿ ನಿಲ್ಲುತ್ತದೆ.

ಅದರ ಹೆಸರು ಎಲ್‌ಎಸ್‌ಪಿವಿ, ಲೋಡ್ ನೋಡಿ ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ವಾಲ್ವ್. ಚಾಸಿಗೆ ಕೂತಿರುತ್ತದೆ, ಒಂದು ಸರಳು ಅಥವಾ ಸ್ಪ್ರಿಂಗ್ ಅದನ್ನು ಆಕ್ಸಲ್‌ಗೆ ಜೋಡಿಸುತ್ತದೆ. ಲೋಡ್ ಬಿದ್ದು ಚಾಸಿ ಕೆಳಗೆ ಕೂತಷ್ಟೂ ಸರಳು ವಾಲ್ವನ್ನು ಹೆಚ್ಚು ಒತ್ತುತ್ತದೆ, ಹಿಂದಕ್ಕೆ ಹೋಗುವ ಒತ್ತಡವೂ ಹೆಚ್ಚುತ್ತದೆ. ಅಂಕಿಯಲ್ಲಿ ಹೇಳುವುದಾದರೆ: ಖಾಲಿ ಗಾಡಿಯಲ್ಲಿ 30 ಬಾರ್‌ವರೆಗೆ ಮುಂದೆ ಹಿಂದೆ ಒಂದೇ ಒತ್ತಡ, ಅಲ್ಲಿಂದ ಮೇಲಕ್ಕೆ ಮುಂದೆ ಹೆಚ್ಚಾದದ್ದರ ಶೇ. 30 ಮಾತ್ರ ಹಿಂದಕ್ಕೆ ಅಂತ ಇಟ್ಟುಕೊಳ್ಳಿ. ಮುಂದೆ 80 ಬಾರ್ ಇದ್ದಾಗ ಹಿಂದೆ 45. ಈಗ ನಿಮ್ಮ ಗಾಡಿಯಲ್ಲಿ ಹಿಂದೆಯೂ ಪೂರಾ 80 ಹೋಗುತ್ತಿದೆ. ಪೂರ್ತಿ ಲೋಡ್ ಇದ್ದಾಗ ಹಿಂದಕ್ಕೆ ಅಷ್ಟೇ ಬೇಕಾಗಿರುವುದರಿಂದ ‘ಬ್ರೇಕ್ ಚೆನ್ನಾಗಿದೆ’ ಅನಿಸುತ್ತದೆ. (ಈ ಅಂಕಿಗಳು ಉದಾಹರಣೆಗೆ, ನಿಮ್ಮ ಗಾಡಿಯ ಸರಿಯಾದ ಕೋಷ್ಟಕ ಕಂಪನಿಯ ವರ್ಕ್‌ಶಾಪ್ ಪುಸ್ತಕದಲ್ಲಿದೆ.)

ಇದರ ಉಲ್ಟಾ ತೊಂದರೆಯೂ ಇದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಚ್ಚು ಮಾಲು ಹೇರಲೆಂದು ಹಿಂದೆ ಒಂದು ಕಮಾನ್ ಪಟ್ಟೆ ಜಾಸ್ತಿ ಹಾಕಿಸುತ್ತಾರೆ. ಆಗ ಲೋಡ್ ಬಿದ್ದರೂ ಚಾಸಿ ಕೂರುವುದಿಲ್ಲ, ಗಾಡಿ ಖಾಲಿ ಇದೆ ಅಂತಲೇ ವಾಲ್ವ್ ತಿಳಿಯುತ್ತದೆ, ಒತ್ತಡವನ್ನು ತಡೆದೇ ಇಡುತ್ತದೆ. ಒಂದೂವರೆ ಟನ್ ಹೊತ್ತ ಗಾಡಿಯನ್ನು ಮುಂದಿನ ಪ್ಯಾಡ್‌ಗಳೇ ನಿಲ್ಲಿಸಬೇಕಾಗುತ್ತದೆ. ಸರಳಿನ ಬುಷ್ ಹೋದರೂ, ಸರಳು ಕಳಚಿಬಿದ್ದರೂ ಬಹುತೇಕ ಗಾಡಿಗಳಲ್ಲಿ ಇದೇ ಪರಿಣಾಮ. ಪಟ್ಟೆ ಹೆಚ್ಚಿಸಿದ್ದರೆ ಮೂಲ ಸೆಟ್ಟಿಗೆ ಮರಳಿಸಿ.

ಹೊಸ ವಾಲ್ವ್ ಹಾಕಿಸುವಾಗ ಹಳೆಯ ಸರಳಿನ ನಟ್ ಎಲ್ಲಿತ್ತೋ ಅಲ್ಲಿಗೆ ಬಿಗಿದು ಕೊಟ್ಟರೆ ಕೆಲಸ ಮುಗಿಯಲಿಲ್ಲ. ಮುಂದಿನ ಒಂದು ಬ್ಲೀಡ್ ನಿಪ್ಪಲ್‌ಗೆ (ಪೈಪಿನ ಗಾಳಿ ತೆಗೆಯುವ ಜಾಗ), ಹಿಂದಿನ ಒಂದಕ್ಕೆ 0–150 ಬಾರ್ ಗೇಜ್ ಜೋಡಿಸಿ, ಪೆಡಲ್ ಒತ್ತಿ, ಮುಂದಿನ ಇಂತಿಷ್ಟು ಒತ್ತಡಕ್ಕೆ ಹಿಂದಿನದು ಇಂತಿಷ್ಟು ಬರುತ್ತಿದೆಯೇ ಅಂತ ಕೋಷ್ಟಕದೊಂದಿಗೆ ತಾಳೆ ನೋಡಿ ಸರಳು ಹೊಂದಿಸಬೇಕು. ಎರಡು ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ. ಏರ್ ತೆಗೆಯುವಾಗಲೂ ಎಚ್ಚರ: ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಜೋತಾಡುತ್ತಿದ್ದರೆ ವಾಲ್ವ್ ಬಿಗಿದುಕೊಂಡು ಹಿಂದಿನ ಪೈಪಿನಲ್ಲಿ ಗಾಳಿ ಉಳಿಯುತ್ತದೆ. ಆಕ್ಸಲ್ ಕೆಳಗೇ ಆಧಾರ ಕೊಟ್ಟು, ವಾಲ್ವ್ ಮೇಲೆ ಪ್ರತ್ಯೇಕ ನಿಪ್ಪಲ್ ಇದ್ದರೆ ಅಲ್ಲಿಂದಲೂ ತೆಗೆಯಿರಿ.

ಪ್ರಶ್ನೆ: ಎಬಿಎಸ್ ಲೈಟ್ ಮತ್ತು ಕೆಂಪು ಬ್ರೇಕ್ ಲೈಟ್ ಎರಡೂ ಒಟ್ಟಿಗೆ ಹತ್ತಿಕೊಂಡಿವೆ. ಬ್ರೇಕ್ ಮೊದಲಿನಂತೆಯೇ ಹಿಡಿಯುತ್ತಿದೆ. ಮುಂದಿನ ಸರ್ವೀಸ್‌ವರೆಗೆ ಓಡಿಸಬಹುದೇ?
(ಓದುಗರು, ಮೈಸೂರು)

ಉತ್ತರ: ಬೇಡ. ಎಬಿಎಸ್ ಲೈಟ್ ಒಂದೇ ಇದ್ದರೆ ಎಬಿಎಸ್ ನಿಂತಿದೆ, ಆದರೆ ಅನೇಕ ಕಾರುಗಳಲ್ಲಿ ಇಬಿಡಿ (ಮುಂದೆ ಹಿಂದೆ ಬ್ರೇಕ್ ಬಲ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇನ್ನೂ ಜೀವಂತ. ಜತೆಗೆ ಕೆಂಪು ಲೈಟೂ ಹತ್ತಿದರೆ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ, ಬ್ರೇಕ್ ಆಯಿಲ್ ಮಟ್ಟ ಸರಿ ಇದೆಯೇ ನೋಡಿ. ಎರಡೂ ಸರಿ ಇದ್ದರೆ ಇಬಿಡಿಯೂ ಹೋಗಿದೆ ಅಂತ ಅರ್ಥ.

ಇಬಿಡಿ ಬಲವನ್ನು ಮುಂದಿನಿಂದ ಹಿಂದಕ್ಕೆ ಸಾಗಿಸುತ್ತದೆ ಅಂತ ಷೋರೂಮಿನವರು ಹೇಳುವುದುಂಟು. ಅದು ಏನನ್ನೂ ಸಾಗಿಸುವುದಿಲ್ಲ. ನಾಲ್ಕೂ ಚಕ್ರದ ವೇಗ ನೋಡುತ್ತಾ, ಹಿಂದಿನದು ಮುಂದಿನದಕ್ಕಿಂತ ಒಂಚೂರು ಹೆಚ್ಚು ನಿಧಾನಿಸಿದ ಕ್ಷಣ ಹಿಂದಿನ ವಾಲ್ವ್ ಮುಚ್ಚಿ ಒತ್ತಡ ಏರದಂತೆ ಹಿಡಿಯುತ್ತದೆ, ಅಷ್ಟೇ. ಹಿಂದಿನ ಉತ್ತರದಲ್ಲಿ ಸರಳು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಸೆನ್ಸರ್ ಮಾಡುತ್ತದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಇಬಿಡಿ ಇದೆ ಅನ್ನುವ ಭರವಸೆಯಲ್ಲಿ ಇಂಥ ಅನೇಕ ಕಾರುಗಳಲ್ಲಿ ಒತ್ತಡ ತಗ್ಗಿಸುವ ಹಳೆಯ ವಾಲ್ವನ್ನು ಕೈಬಿಟ್ಟಿದ್ದಾರೆ. ಹಾಗಾಗಿ ಇಬಿಡಿ ಸತ್ತರೆ ಹಿಂದಿನ ಚಕ್ರಕ್ಕೆ ಪೂರ್ತಿ ಒತ್ತಡ. ಮೆಲ್ಲಗೆ ಬ್ರೇಕ್ ಹಾಕುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ, ಗಟ್ಟಿಯಾಗಿ ಒತ್ತಿದ ದಿನ ಗೊತ್ತಾಗುತ್ತದೆ.

ಸ್ಕ್ಯಾನರ್ ಹಾಕಿ ಕೋಡ್ ಓದಿಸಿ. ಸಾಮಾನ್ಯ ದೋಷಗಳು: ಸೆನ್ಸರ್ ವೈರ್ ಕಡಿತ, ಟೋನ್ ರಿಂಗ್ (ಸೆನ್ಸರ್ ಓದುವ, ಚಕ್ರದ ಜತೆ ತಿರುಗುವ ಉಂಗುರ) ತುಕ್ಕು ಹಿಡಿದು ಬಿರುಕು, ಫ್ಯೂಸ್. ಇತ್ತೀಚೆಗೆ ವೀಲ್ ಬೇರಿಂಗ್ ಬದಲಾಯಿಸಿದ್ದರೆ ಅದನ್ನೇ ಮೊದಲು ನೋಡಿ. ಕೆಲವು ಬೇರಿಂಗುಗಳ ಒಂದು ಮುಖದಲ್ಲಿ ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ಅದು ಸೆನ್ಸರ್ ಕಡೆಗೇ ಇರಬೇಕು, ಉಲ್ಟಾ ಕೂರಿಸಿದರೆ ಸಿಗ್ನಲ್ಲೇ ಬರುವುದಿಲ್ಲ.

ಪ್ರಶ್ನೆ: ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸಬೇಕು ಅಂತಿದ್ದೇನೆ. ಕಿಟ್ ಸಿಗುತ್ತದಂತೆ.
(ಓದುಗರು, ಬೆಂಗಳೂರು)

ಉತ್ತರ: ಆ ದುಡ್ಡಿಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ. ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅನ್ನುವುದನ್ನು ಕೊನೆಗೆ ತೀರ್ಮಾನಿಸುವುದು ಟೈರು. ನಿಮ್ಮ ಡ್ರಮ್ಮಿಗೆ ಚಕ್ರವನ್ನು ಲಾಕ್ ಮಾಡುವ ಶಕ್ತಿ ಈಗಾಗಲೇ ಇದೆ, ಅದಕ್ಕಿಂತ ಹೆಚ್ಚು ಬಲದಿಂದ ಏನೂ ಸಿಗದು.

ಕೆಡುವುದು ಮಾತ್ರ ಬಹಳ. ಡ್ರಮ್ ತಿರುಗುವ ದಿಕ್ಕೇ ಒಂದು ಶೂವನ್ನು ಎಳೆದುಕೊಂಡು ಬಿಗಿ ಮಾಡುತ್ತದೆ, ಹಾಗಾಗಿ ಕಡಿಮೆ ಒತ್ತಡ ಸಾಕು. ಡಿಸ್ಕ್‌ಗೆ ಆ ಸಹಾಯ ಇಲ್ಲ; ಪಿಸ್ಟನ್ ದೊಡ್ಡದಿರಬೇಕು. ದೊಡ್ಡ ಪಿಸ್ಟನ್ ಹೆಚ್ಚು ಆಯಿಲ್ ಕೇಳುತ್ತದೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರಿನಿಂದ ಅದು ಬರಲು ಪೆಡಲ್ ಆಳಕ್ಕೆ ಹೋಗುತ್ತದೆ. ಪಿಸ್ಟನ್ ಅಳತೆ ಒಂದಿಷ್ಟು ತಪ್ಪಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗುವ ಕಡೆಗೆ ಹಂಚಿಕೆ ವಾಲುತ್ತದೆ. ಎಬಿಎಸ್ ಮಾಡ್ಯೂಲಿನ ಲೆಕ್ಕಾಚಾರವೆಲ್ಲ ಹಳೆಯ ಡ್ರಮ್ಮಿನದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕೂಡ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಒಪ್ಪುವುದಿಲ್ಲ.

ಮುಂದೆ ದೊಡ್ಡ ಡಿಸ್ಕ್ ಹಾಕಿಸುವವರಿಗೂ ಇದೇ ಉತ್ತರ. ಅದು ಬಿಸಿ ತಡೆಯುತ್ತದೆ ನಿಜ. ಆದರೆ ಮುಂದಿನ ಪಾಲು ಹೆಚ್ಚಿ, ಹಿಂದಿನ ಟೈರಿನ ಹಿಡಿತ ಬಳಕೆಯಾಗದೆ ಉಳಿದು, ನಿಲ್ಲುವ ದೂರ ಹೆಚ್ಚಲೂಬಹುದು.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು. ವಿದ್ಯಾರ್ಥಿಗಳ ರೇಸ್ ಕಾರು ಸ್ಪರ್ಧೆ ಫಾರ್ಮುಲಾ ಭಾರತ್‌ಗೆ ಕಾರು ಕಟ್ಟುತ್ತಿದ್ದೇವೆ. ಬ್ರೇಕ್ ಟೆಸ್ಟ್‌ಗೆ ನಾಲ್ಕೂ ಚಕ್ರ ಲಾಕ್ ಆಗಬೇಕು. ನಮ್ಮದರಲ್ಲಿ ಮುಂದಿನದು ಆಗುತ್ತದೆ, ಹಿಂದಿನದು ಆಗುತ್ತಿಲ್ಲ. ಚಾಲಕ ಸಹಿತ 280 ಕೆ.ಜಿ., ಆಕ್ಸಲ್ ಅಂತರ 1,550 ಮಿ.ಮೀ., ಗುರುತ್ವ ಕೇಂದ್ರ 300 ಮಿ.ಮೀ., ಮುಂದೆ ಶೇ. 47 ಭಾರ. ಮಾಸ್ಟರ್ ಸಿಲಿಂಡರ್ ಮುಂದೆ 5/8 ಇಂಚು, ಹಿಂದೆ 3/4 ಇಂಚು. ನಾಲ್ಕೂ ಕಡೆ ಒಂದೇ ಕ್ಯಾಲಿಪರ್, ಒಂದೇ ಡಿಸ್ಕ್.
(ವಿದ್ಯಾರ್ಥಿಗಳ ತಂಡ, ಬೆಳಗಾವಿ)

ಉತ್ತರ: ವಿವರ ಪೂರ್ತಿ ಕೊಟ್ಟಿದ್ದೀರಿ, ಸಂತೋಷ. ಬಿಸಿಯಾದ ರೇಸ್ ಟೈರ್, ಒಣ ಟ್ರ್ಯಾಕ್, 1.3 ಜಿ ಎಂದು ಹಿಡಿದರೆ 70 ಕೆ.ಜಿ. ಮುಂದಕ್ಕೆ ಬಂದು ಭಾರ 202:78 ಆಗುತ್ತದೆ. ಬೇಕಾದ ಹಂಚಿಕೆ 72:28. ಆದರೆ ಬ್ರೇಕ್ ಟೆಸ್ಟ್ ಸಾಮಾನ್ಯವಾಗಿ ತಣ್ಣಗಿನ ಟೈರಿನಲ್ಲಿ, ಧೂಳಿನ ನೆಲದ ಮೇಲೆ. ಅಲ್ಲಿ 0.7 ಜಿ ಸಿಕ್ಕರೆ ಸರಿಯುವುದು 38 ಕೆ.ಜಿ. ಮಾತ್ರ; ಬೇಕಾದ ಹಂಚಿಕೆ 61:39. ಒಣ ಟ್ರ್ಯಾಕ್‌ಗೆ ಹೊಂದಿಸಿದ ಕಾರಿನಲ್ಲಿ ಟೆಸ್ಟ್ ದಿನ ಹಿಂದಿನ ಚಕ್ರ ಲಾಕ್ ಆಗದಿರುವುದಕ್ಕೆ ಇದೇ ಕಾರಣ.

ನಿಮ್ಮ ಸಿಲಿಂಡರುಗಳ ವಿಸ್ತೀರ್ಣದ ಅನುಪಾತ 1.44. ಬ್ಯಾಲೆನ್ಸ್ ಬಾರ್ (ಪೆಡಲ್ ಬಲವನ್ನು ಎರಡು ಸಿಲಿಂಡರಿಗೆ ಹಂಚುವ ಸರಳು) ನಡುಮಧ್ಯೆ ಇದ್ದರೆ ಚಿಕ್ಕ ಸಿಲಿಂಡರಿನಲ್ಲಿ ಒತ್ತಡ ಅಷ್ಟು ಪಟ್ಟು ಹೆಚ್ಚಿ ಹಂಚಿಕೆ 59:41. ಬಾರ್‌ನ ತುದಿಗಳನ್ನು ಪುಷ್‌ರಾಡ್‌ಗೆ ಜೋಡಿಸುವ ಎರಡು ಕ್ಲೆವಿಸ್ ನಡುವೆ 63 ಮಿ.ಮೀ. ಇದೆ ಅಂತ ಇಟ್ಟುಕೊಳ್ಳಿ. ನಡುವಿನ ಬೇರಿಂಗನ್ನು ಮುಂದಿನ ಸಿಲಿಂಡರ್ ಕಡೆಗೆ 5 ಮಿ.ಮೀ. ಸರಿಸಿದರೆ ಪೆಡಲ್ ಬಲ 36.5:26.5 ಆಗಿ ಹಂಚುತ್ತದೆ, ಒಟ್ಟು ಹಂಚಿಕೆ ಸುಮಾರು 66:34. ಅಂದರೆ ಟೆಸ್ಟ್‌ಗೆ ಬಾರ್ ನಡುಮಧ್ಯೆ ಇರಲಿ, ಓಟಕ್ಕೆ ಮುಂದಕ್ಕೆ ಸರಿಸಿ.

ನಡುವಿಗೆ ತಂದರೂ ಲಾಕ್ ಆಗದಿದ್ದರೆ ಹುಡುಕಬೇಕಾದ್ದು ಹಂಚಿಕೆಯಲ್ಲಲ್ಲ. ಮುಂದಿನ ಚಕ್ರ ಲಾಕ್ ಆದ ಮೇಲೆ ಕಾರು ನಿಧಾನಿಸುವ ದರ ಹೆಚ್ಚುಕಡಿಮೆ ನಿಂತುಬಿಡುತ್ತದೆ; ಪೆಡಲ್ ಇನ್ನೂ ಒತ್ತಿದಂತೆ ಹಿಂದಿನ ಒತ್ತಡ ಏರಿ ಒಂದಲ್ಲ ಒಂದು ಹಂತಕ್ಕೆ ಲಾಕ್ ಆಗಲೇಬೇಕು. ಆಗಲಿಲ್ಲವೆಂದರೆ ಪೆಡಲಿನ ಲಿವರ್ ಅನುಪಾತ ಸಾಲದು, ಅಥವಾ ಪೆಡಲ್ ಬಾಕ್ಸ್ ಬಾಗುತ್ತಿದೆ, ಅಥವಾ ಬಾರ್ ಓರೆಯಾಗಿ ಪೆಡಲ್ ಟ್ಯೂಬಿಗೆ ತಾಗಿ ನಿಂತಿದೆ. ಗಟ್ಟಿಯಾಗಿ ಒತ್ತಿದ ಸ್ಥಿತಿಯಲ್ಲಿ ಬಾರ್ ಪುಷ್‌ರಾಡ್‌ಗಳಿಗೆ ಲಂಬವಾಗಿರಬೇಕು. ಪುಷ್‌ರಾಡ್ ಉದ್ದವನ್ನು ಆ ಸ್ಥಿತಿಗೆ ಹೊಂದಿಸಿ, ಪೆಡಲ್ ಬಿಟ್ಟ ಸ್ಥಿತಿಗಲ್ಲ. ಹೊಸ ಪ್ಯಾಡ್ ಡಿಸ್ಕ್‌ಗೆ ಕೂತಿರಬೇಕು. ಎಂಜಿನ್ ಕಾರಾದರೆ ಚಾಲಕ ಕ್ಲಚ್ ಒತ್ತಲಿ. ಇಲ್ಲವಾದರೆ ಎಂಜಿನ್ನಿನ ತಿರುಗುವ ಭಾಗಗಳ ಜಡತ್ವವನ್ನೂ ಹಿಂದಿನ ಬ್ರೇಕೇ ನಿಲ್ಲಿಸಬೇಕು. ಎಷ್ಟೋ ತಂಡಗಳು ಸಿಕ್ಕಿಕೊಳ್ಳುವುದು ಇಲ್ಲೇ.

ಪ್ರಶ್ನೆ: ಹೊಸ ಎಲೆಕ್ಟ್ರಿಕ್ ಕಾರಿಗೆ ಮೋಟಾರ್ ಹಿಂದೆ ಇದೆ. ರೀಜನ್ ಬ್ರೇಕ್ (ಮೋಟಾರೇ ವಿದ್ಯುತ್ ಉತ್ಪಾದಿಸುತ್ತಾ ಗಾಡಿಯನ್ನು ನಿಧಾನಿಸುವುದು) ಹಿಂದಿನ ಚಕ್ರಕ್ಕೆ ಮಾತ್ರ ತಾನೇ? ನೀವು ಹೇಳುವ ಲೆಕ್ಕಕ್ಕೆ ಅದು ಅಪಾಯವಲ್ಲವೇ?
(ಓದುಗರು, ಮಡಿಕೇರಿ)

ಉತ್ತರ: ಹಿಂದಿನ ಚಕ್ರಕ್ಕೆ ಮಾತ್ರ, ಹೌದು. ಆದರೆ ರೀಜನ್‌ನ ಬಲಕ್ಕೆ ಮಿತಿ ಇದೆ, ಮತ್ತು ಚಕ್ರ ಜಾರಲು ಶುರುವಾದರೆ ಕಂಟ್ರೋಲರ್ ಅದನ್ನು ಕ್ಷಣಾರ್ಧದಲ್ಲಿ ಕಡಿಮೆ ಮಾಡುತ್ತದೆ. ಗಟ್ಟಿ ಬ್ರೇಕಿಗೆ ನಾಲ್ಕೂ ಚಕ್ರದ ಮಾಮೂಲಿ ಬ್ರೇಕ್ ಬರುತ್ತದೆ. ಅದಾಗ್ಯೂ ಕೆಸರು, ಎಲೆ ಬಿದ್ದ ಒದ್ದೆ ರಸ್ತೆಯಲ್ಲಿ ರೀಜನ್ ಮಟ್ಟವನ್ನು ಕೆಳಗಿಡುವುದು ಜಾಣತನ.

ನಿಮ್ಮ ಊರಿನವರು ಗಮನಿಸಬೇಕಾದ್ದು ಇನ್ನೊಂದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಹೊಸ ವಿದ್ಯುತ್ತಿಗೆ ಜಾಗ ಇರುವುದಿಲ್ಲ, ರೀಜನ್ ಬಹುತೇಕ ಇಲ್ಲವಾಗುತ್ತದೆ. ಮಡಿಕೇರಿಯಲ್ಲಿ ಶೇ. 100 ಚಾರ್ಜ್ ಮಾಡಿ ಸಂಪಾಜೆ ಘಾಟಿ ಇಳಿದರೆ ಕೆಲಸವೆಲ್ಲ ಪ್ಯಾಡಿನದೇ, ಗೇರ್ ತಡೆಯೂ ಇಲ್ಲ. ಶೇ. 85ಕ್ಕೆ ನಿಲ್ಲಿಸಿ ಇಳಿಯಿರಿ. ಇನ್ನು, ಬಳಕೆ ಕಡಿಮೆಯಾಗಿ ಡಿಸ್ಕ್‌ಗಳು ತುಕ್ಕು ಹಿಡಿಯುತ್ತವೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ರೀಜನ್ ಕನಿಷ್ಠಕ್ಕಿಟ್ಟು 60ರ ವೇಗದಿಂದ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿದರೆ ಮೇಲ್ಮೈ ಸ್ವಚ್ಛವಾಗುತ್ತದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3, ಐಡಿ.4 ಕಾರುಗಳಿಗೆ ಹಿಂದೆ ಡ್ರಮ್ಮನ್ನೇ ಕೊಟ್ಟಿದೆ. ಮುಚ್ಚಿದ ಡ್ರಮ್ಮಿಗೆ ಈ ತೊಂದರೆ ಕಡಿಮೆ. ಬೆಂಗಳೂರಿನ ಓದುಗರು ಇದನ್ನೂ ಓದಲಿ.

ಪ್ರಶ್ನೆ: ಮಳೆಗಾಲದಲ್ಲಿ ಎರಡು ದಿನ ನಿಲ್ಲಿಸಿದರೆ ಹಿಂದಿನ ಚಕ್ರ ಹಿಡಿದುಕೊಂಡಿರುತ್ತದೆ. ‘ಟಕ್’ ಅಂತ ಸದ್ದಾಗಿ ಬಿಡುತ್ತದೆ.
(ಓದುಗರು, ಕುಂದಾಪುರ)

ಉತ್ತರ: ಒದ್ದೆ ಶೂ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಬದಲು ಒಂದನೇ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ನೀರಿನಲ್ಲಿ ಹಾದು ಬಂದಿದ್ದರೆ ನಿಲ್ಲಿಸುವ ಮುಂಚಿನ ಅರ್ಧ ಕಿಲೋಮೀಟರ್ ಪೆಡಲನ್ನು ಹಗುರಾಗಿ ಒತ್ತಿಕೊಂಡೇ ಬನ್ನಿ, ಶೂ ಒಣಗುತ್ತದೆ. ಅಂಟಿದ್ದು ಬಿಟ್ಟ ಮೇಲೆ ಮೊದಲ ಮೂರು ನಾಲ್ಕು ಬ್ರೇಕ್‌ಗಳಲ್ಲಿ ತುಕ್ಕಿನ ಪದರದಿಂದಾಗಿ ಹಿಂದಿನ ಚಕ್ರ ಹೆಚ್ಚು ಹಿಡಿಯುತ್ತದೆ. ಅವನ್ನು ಗೇಟಿನ ಒಳಗೇ, ನಡಿಗೆಯ ವೇಗದಲ್ಲಿ ಮುಗಿಸಿ ರಸ್ತೆಗೆ ಇಳಿಯಿರಿ. ಸದ್ದು ಒಂದೇ ಚಕ್ರದಿಂದ ಬರುತ್ತಿದ್ದರೆ ಆ ಬದಿಯ ಹ್ಯಾಂಡ್ ಬ್ರೇಕ್ ಕೇಬಲ್ ಒಳಗೆ ನೀರು ಸೇರಿರಬಹುದು. ಹಾಗಿದ್ದರೆ ಅದಕ್ಕೆ ಆಯಿಲ್ ಬಿಡುವುದರಿಂದ ಹೆಚ್ಚು ದಿನ ಬರುವುದಿಲ್ಲ, ಕೇಬಲ್ಲನ್ನೇ ಬದಲಾಯಿಸಿ.